ಕ್ರೇನಿನ ಕೆಳಗೆ ಯಾರೂ ನಿಲ್ಲದ ಊರಿಗೆ

ಪೀಣ್ಯ, ಎರಡು ನಲವತ್ತು

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ನನ್ನ ವಿದೇಶ ಪ್ರವಾಸ ಶುರುವಾಯಿತು. ಆಗ ನಾನಿದ್ದದ್ದು ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ, ಕೈಯಲ್ಲಿ ಅರ್ಧ ಕುಡಿದ ಟೀ ಲೋಟ.

ನಮ್ಮದು ಉಕ್ಕಿನ ತಗಡನ್ನು ಕತ್ತರಿಸಿ, ಒತ್ತಿ, ಬಾಗಿಸಿ ಪೆಟ್ಟಿಗೆ ಮಾಡುವ ಕಾರ್ಖಾನೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ ಬಂದ ನಾನು ಅಲ್ಲಿ ಅಳತೆ ಪರೀಕ್ಷೆ ಮಾಡುವವಳು. ಶಾಪಿನ ನಡುವಿನ ಒಂದು ಕಂಬಕ್ಕೆ ಮುನೇಶ್ವರನ ಪಟ, ಪಟಕ್ಕೊಂದು ಕೆಂಪು ದೀಪ. ಟೀ ಕ್ಯಾನು ಇಳಿಯುವುದು ಆ ಕಂಬದ ಬುಡದಲ್ಲಿ. ಕಂಬದ ನೆತ್ತಿಯ ಮೇಲೆ, ಇಡೀ ಶಾಪಿನ ಉದ್ದಕ್ಕೂ, ತಗಡಿನ ಸುರುಳಿಗಳನ್ನು ಹೊತ್ತು ಓಡಾಡುವ ಕ್ರೇನು. ಇದರಲ್ಲಿ ವಿಚಿತ್ರವೇನಿದೆ ಎಂದು ಅಂದಿನವರೆಗೆ ನನಗೂ ಅನ್ನಿಸಿರಲಿಲ್ಲ.

ಪ್ರೆಸ್ ನಡೆಸುವ ಮುನಿರಾಜು ಹತ್ತಿರ ಬಂದ. ಕಾರ್ಖಾನೆಯಲ್ಲಿ ಅವನು ನನ್ನ ಕೈಕೆಳಗಿನವನು. ಬಾಗಲಗುಂಟೆಯಲ್ಲಿ ನಾನು ಅವನ ಬಾಡಿಗೆಯವಳು. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಒಂದರ ಬೆನ್ನಿಗೊಂದು ಮನೆಗಳಿವೆ, ಒಂದರಲ್ಲಿ ನಾನು ಮತ್ತು ನನ್ನ ಗಂಡ ವೀರೇಶ್ ಇದ್ದೇವೆ.

‘ಮೇಡಂ, ಒಸಿ ಈ ಕಡೆ ಬನ್ನಿ. ಬಚ್ಚಲ ನಲ್ಲಿ ಸೋರ್ತೈತೆ ಅಂತ ನಮ್ಮನೇವ್ಳತ್ರ ಏಳಿದ್ರಂತೆ. ನಂಗೇ ಏಳ್ಬೌದಿತ್ತು.’

‘ನಿಮಗೇ ಹೇಳಿದ್ದೆ ಮುನಿರಾಜು. ಹೋದ ತಿಂಗಳೂ ಹೇಳಿದ್ದೆ, ಅದರ ಹಿಂದಿನ ತಿಂಗಳೂ ಹೇಳಿದ್ದೆ.’

‘ಅದು ಕಾರ್ಖಾನೇಲಿ ಏಳಿದ್ದು. ಕಾರ್ಖಾನೇಲಿ ಏಳಿದ್ದು ಕಾರ್ಖಾನೇಲೇ ಇರ್ತದೆ.’

ಮನೆ ಮಾಲೀಕ ಮತ್ತು ಬಾಡಿಗೆದಾರಳ ಜಗಳ ಎಲ್ಲರ ಕಿವಿಗೆ ಬೀಳುವುದು ಬೇಡವೆಂದು ನಾವಿಬ್ಬರೂ ಬಾಗಿಲ ಕಡೆ ಸರಿದೆವು. ಪುಕ್ಕಟೆ ನಾಟಕ ಯಾರು ಬಿಡುತ್ತಾರೆ? ಟೀ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದು ಹಿಂದೆಯೇ ಬಂದರು.

ಮೊದಲು ಕೇಳಿಸಿದ್ದು ‘ಟಪ್’ ಎಂಬ ಸಣ್ಣ ಸದ್ದು. ಆಮೇಲೆ ಬೆನ್ನಿಗೆ ಗಾಳಿ ಬಡಿಯಿತು. ಆಮೇಲೆ ನೆಲವೇ ಎದ್ದು ಅಂಗಾಲಿಗೆ ಹೊಡೆಯಿತು. ತಿರುಗಿ ನೋಡಿದರೆ, ನಾವು ನಿಂತಿದ್ದ ಜಾಗದಲ್ಲಿ ಮಲಗಿದ ಎಮ್ಮೆಯ ಗಾತ್ರದ ಉಕ್ಕಿನ ಸುರುಳಿ ಕೂತಿತ್ತು. ಟೀ ಕ್ಯಾನು ರೊಟ್ಟಿಯಾಗಿತ್ತು. ಸುರುಳಿಯ ಅಡಿಯಿಂದ ಟೀ ನಿಧಾನವಾಗಿ ನಮ್ಮ ಕಡೆಗೆ ಹರಿದು ಬರುತ್ತಿತ್ತು.

ಯಾರಿಗೂ ಒಂದು ತರಚು ಗಾಯವೂ ಇಲ್ಲ. ಮ್ಯಾನೇಜರು ಓಡಿಬಂದರು, ಎಲ್ಲರ ಮುಖ ನೋಡಿದರು. ‘ಯಾರಿಗೂ ಏನೂ ಆಗಿಲ್ಲ ತಾನೆ? ಸರಿ, ಮತ್ಯಾಕ್ರೀ ನಿಂತಿದೀರಾ?’

ನಮ್ಮನ್ನು ಉಳಿಸಿದ್ದು ಸೋರುವ ನಲ್ಲಿ. ಆದರೆ ಕೀರ್ತಿ ಹೋದದ್ದು ಮುನೇಶ್ವರನಿಗೆ. ಸಂಜೆಯೇ ತೆಂಗಿನಕಾಯಿ ಒಡೆದರು. ಮರುದಿನ ಪಟಕ್ಕೆ ತೋಳುಗಾತ್ರದ ಹಾರ ಬಿತ್ತು. ಅಲ್ಲಿಯವರೆಗೆ ತಮ್ಮ ತಮ್ಮ ಯಂತ್ರದ ಬಳಿಯೇ ಟೀ ಕುಡಿಯುತ್ತಿದ್ದವರೂ ಅಂದಿನಿಂದ ಕಂಬದ ಕೆಳಗೇ ಬಂದು ನಿಲ್ಲತೊಡಗಿದರು. ಇಡೀ ಪೀಣ್ಯದಲ್ಲಿ ಅದಕ್ಕಿಂತ ಕ್ಷೇಮದ ಜಾಗ ಇನ್ನೊಂದಿಲ್ಲ ಎಂದು ಅವರಿಗೆ ಖಾತ್ರಿಯಾಗಿಬಿಟ್ಟಿತ್ತು.

ನನಗೆ ಆದದ್ದು ಬೇರೆ. ನಮ್ಮ ಮನೆಯಲ್ಲಿ ಹುಟ್ಟಿದ ಮಗುವಿಗೇ ಲಿಂಗಧಾರಣೆಯಾಗುತ್ತದೆ. ಕೊರಳಿನ ಬೆಳ್ಳಿ ಕರಡಿಗೆಯಿಂದ ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂರುತ್ತೇವೆ. ಘಟನೆಯ ಮರುದಿನ ಬೆಳಿಗ್ಗೆ ನನ್ನ ಅಂಗೈ ನಡುಗಿತು. ಲಿಂಗ ಅಂಚಿಗೆ ಜಾರಿತು. ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದು ಪೂಜೆ ಮುಗಿಸಿದೆ. ಆಮೇಲೆ ಅದೇ ನಡುಕ ಕಾರ್ಖಾನೆಗೂ ಬಂತು. ಕೂದಲೆಳೆಯ ದಪ್ಪ ಅಳೆಯುವ ಉಪಕರಣ ನನ್ನ ಬೆರಳಲ್ಲಿ ಒಂದೊಂದು ಸಲ ಒಂದೊಂದು ಅಳತೆ ಹೇಳತೊಡಗಿತು. ಬಸ್ ಸ್ಟಾಪಿನ ಸೂರು, ಮನೆಯ ಫ್ಯಾನು, ಏನೇ ಆಗಲಿ, ತಲೆಯೆತ್ತಿ ನೋಡದೆ ಅದರ ಕೆಳಗೆ ಹೋಗಲಾರೆ. ರಾತ್ರಿ ನಿದ್ದೆಯಿಲ್ಲ, ಕಣ್ಣು ಮುಚ್ಚಿದರೆ ‘ಟಪ್’. ಆಮೇಲೆ ಬರುವ ಚಿತ್ರದಲ್ಲಿ ನಾವ್ಯಾರೂ ಬಾಗಿಲ ಕಡೆ ಸರಿದಿರುವುದಿಲ್ಲ. ಆಗದೇ ಹೋದದ್ದನ್ನು ನಾನು ದಿನಾ ನೋಡುತ್ತಿದ್ದೆ.

ನಮ್ಮ ಕಾರ್ಖಾನೆ ಫಿನ್‌ಲೆಂಡಿನಿಂದ ಒಂದು ದೊಡ್ಡ ಯಂತ್ರ ತರಿಸುವುದರಲ್ಲಿತ್ತು. ಅದನ್ನು ಕಲಿತು ಬರಲು ನನ್ನನ್ನೂ, ವಿದ್ಯುತ್ ವಿಭಾಗದ ಸೀನನನ್ನೂ ಆರಿಸಿದರು. ಮ್ಯಾನೇಜರು ಕರೆದು ಹೇಳಿದರು: ‘ಹೋಗಿ ಬನ್ನಿ ಗಿರಿಜಾ, ಹವಾ ಬದಲಾಗ್ಲಿ. ಬಂದ್ಮೇಲೂ ಕೈ ಹೀಗೇ ಇದ್ರೆ ಫ್ಲೋರ್ ಮೇಲೆ ಇಟ್ಕೊಳಕ್ಕಾಗಲ್ಲ. ಡಿಸ್‌ಪ್ಯಾಚ್ ಟೇಬಲ್ಲಿಗೆ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ.’

ಹತ್ತು ವರ್ಷ ಗಂಡಸರ ನಡುವೆ ಹೋರಾಡಿ ಗಳಿಸಿದ ಜಾಗ ಅದು. ಹೋಗುವ ಖುಷಿಗಿಂತ, ಹಾಗೇ ನಡುಗುತ್ತ ವಾಪಸು ಬಂದರೆ ಎಂಬ ದಿಗಿಲನ್ನೇ ಹೊತ್ತು ಹೊರಟೆ.

ಬೊಂಬಾಯಿಯಲ್ಲಿ ದೇವರ ತಪಾಸಣೆ

ಬೊಂಬಾಯಿ ವಿಮಾನ ನಿಲ್ದಾಣದ ತಪಾಸಣೆಯ ಕಮಾನಿನಡಿ ನಾನು ಹೋದಾಗಲೆಲ್ಲ ಅದು ಕೂಗಿಕೊಂಡಿತು. ಬಳೆ ತೆಗೆದೆ, ಕೂಗಿತು. ವಾಚು ತೆಗೆದೆ, ಕೂಗಿತು. ಆಚೆ ದಾಟಿ ನಿಂತಿದ್ದ ಸೀನ ಅಲ್ಲಿಂದಲೇ ಕೂಗಿದ: ‘ಮೇಡಂ, ಕೊರಳಲ್ಲಿ, ಕೊರಳಲ್ಲಿ!’

ಕಾವಲಿನವಳು ಕರಡಿಗೆಯನ್ನು ಬೆರಳಿಂದ ತಟ್ಟಿ, ಇದರಲ್ಲೇನಿದೆ ಎಂದು ಹಿಂದಿಯಲ್ಲಿ ಕೇಳಿದಳು.

‘ದೇವರು,’ ಎಂದೆ.

‘ಟ್ರೇನಲ್ಲಿ ಹಾಕಿ.’

ಚಪ್ಪಲಿ, ಬೆಲ್ಟು ಬೀಳುವ ಟ್ರೇ ಅದು. ನಾನು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಹಿಂದಿನ ಸಾಲು ಗೊಣಗಿತು. ಕೊನೆಗೆ ಅವಳು ನನ್ನನ್ನು ಪರದೆಯ ಹಿಂದೆ ಕರೆದೊಯ್ದಳು. ನಾನು ಕರಡಿಗೆ ತೆರೆದೆ. ಅವಳು ಬಗ್ಗಿ ನೋಡಿ, ನನ್ನ ನಡುಗುವ ಕೈಯನ್ನೂ ನೋಡಿ, ‘ಮೊದಲ ಸಲ ವಿಮಾನವಾ? ಹೆದರಬೇಡಿ, ಬೀಳೋದಿಲ್ಲ’ ಎಂದಳು. ಬೀಳುವುದಿಲ್ಲ ಎಂಬ ಮಾತು ಆಗ ನನ್ನ ಮುಂದೆ ಆಡಬಾರದ ಮಾತಾಗಿತ್ತು. ವಿಮಾನದಲ್ಲಿ ತಲೆಯ ಮೇಲಿನ ಸಾಮಾನಿನ ಗೂಡನ್ನು ಜರ್ಮನಿಯವರೆಗೂ ನೋಡುತ್ತ ಕುಳಿತೆ. ಸೀನ ನನ್ನ ಪಾಲಿನ ಊಟವನ್ನೂ ಮುಗಿಸಿದ.

ಸೈರನ್ ಹೊಡೆದ ಬೆಳಿಗ್ಗೆ

ಊರಿನ ಹೆಸರು ನನ್ನ ನಾಲಿಗೆಗೆ ಕಡೆಗೂ ಒಗ್ಗಲಿಲ್ಲ. ಸುತ್ತ ಕಾಡು, ನಡುವೆ ಸರೋವರ, ದಂಡೆಯಲ್ಲಿ ಒಂದು ಕಾರ್ಖಾನೆ. ಸೀನನಿಗೆ ಹಾಸ್ಟೆಲಿನಲ್ಲಿ ಕೋಣೆ ಕೊಟ್ಟರು. ನನ್ನನ್ನು ಅದೇ ಕಾರ್ಖಾನೆಯ ಬಣ್ಣದ ವಿಭಾಗದ ಲೀಸಾ ಎಂಬಾಕೆ ತನ್ನ ಮನೆಯಲ್ಲಿ ಇರಿಸಿಕೊಂಡಳು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ, ಅಳೆದು ಮಾತಾಡುವ ಹೆಂಗಸು. ಜೂನ್ ತಿಂಗಳು. ಸೂರ್ಯ ಮುಳುಗಿದ ಹಾಗೆ ಮಾಡಿ ಕಾಡಿನಾಚೆ ಅವಿತು ಮತ್ತೆ ಎದ್ದುಬರುತ್ತಿದ್ದ. ನಿದ್ದೆಯಿಲ್ಲದವಳನ್ನು ರಾತ್ರಿಯೇ ಇಲ್ಲದ ಊರಿಗೆ ಕಳಿಸಿದ ನಮ್ಮ ಮ್ಯಾನೇಜರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮೊದಲ ದಿನ ಬೆಳಿಗ್ಗೆ ಯಂತ್ರದ ಮುಂದೆ ನಿಂತು ಫೋರ್‌ಮನ್ ಪೆಕ್ಕ ಹೇಳುವುದನ್ನು ಬರೆದುಕೊಳ್ಳುತ್ತಿದ್ದೆ. ಇದ್ದಕ್ಕಿದ್ದಂತೆ ಸೈರನ್ ಹೊಡೆಯಿತು. ಯಂತ್ರಗಳೆಲ್ಲ ಒಟ್ಟಿಗೆ ನಿಂತವು. ಜನ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ನಡೆಯತೊಡಗಿದರು. ಪೀಣ್ಯದಲ್ಲಿ ಎಲ್ಲ ಯಂತ್ರ ಒಟ್ಟಿಗೆ ನಿಂತರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲ ಯಾರದ್ದೋ ಬೆರಳು ಹೋಗಿರಬೇಕು. ದೀಪಗಳು ಉರಿಯುತ್ತಿದ್ದವು. ನಾನು ಓಡಿದೆ. ಬಾಗಿಲು ದಾಟಿ, ಹುಲ್ಲುಹಾಸು ದಾಟಿ, ರಸ್ತೆ ದಾಟಿ, ಸೂರಿಲ್ಲದ ಜಾಗ ಹುಡುಕಿ ಒಂದು ಬಯಲಿನಲ್ಲಿ ನಿಂತುಕೊಂಡೆ. ಅಲ್ಲಿ ಮೇಯುತ್ತಿದ್ದ ಎರಡು ಕುದುರೆಗಳು ತಲೆಯೆತ್ತಿ ನೋಡಿದವು.

ಹುಡುಕಿಕೊಂಡು ಬಂದದ್ದು ಸೀನ. ಅವನಿಗೆ ನಗಬೇಕೋ ಬೇಡವೋ ತಿಳಿಯದು. ‘ಮೇಡಂ, ಏನೂ ಆಗಿಲ್ಲ. ಒಳಗಡೆ ಎಲ್ರೂ ಪೀಟಿ ಮಾಡ್ತಾವ್ರೆ.’

‘ಏನು?’

‘ಪೀಟಿ ಮೇಡಂ, ಸ್ಕೂಲಲ್ಲಿ ಮಾಡಿಸ್ತಿದ್ರಲ್ಲ, ಆ ಪೀಟಿ. ದೊಡ್ಡ ದೊಡ್ಡ ಮೀಸೆ ಇಟ್ಕೊಂಡವ್ರೆಲ್ಲ ಕೈ ಮೇಲೆ, ಕೈ ಕೆಳಗೆ ಮಾಡ್ತಾವ್ರೆ. ನಾನೂ ಮಾಡ್ಬಿಟ್ಟೆ.’

ನಿಜವಾಗಿತ್ತು. ದಿನಕ್ಕೆ ಎರಡು ಸಲ ಸೈರನ್ ಹೊಡೆಯುತ್ತದೆ. ಯಂತ್ರ ನಿಲ್ಲಿಸಿ ಎಲ್ಲರೂ ಒಂದು ಕಡೆ ಸೇರಿ ಕತ್ತು, ಭುಜ, ಸೊಂಟ ತಿರುಗಿಸುತ್ತಾರೆ. ಮುಂದೆ ನಿಂತು ಮಾಡಿಸುವವಳು ನಮ್ಮ ಲೀಸಾ. ಆಮೇಲೆ ಕಾಫಿ. ನಮ್ಮಲ್ಲಿ ಊಟ ಬಿಟ್ಟು ದುಡಿದವನಿಗೆ ಮರ್ಯಾದೆ. ಅವನು ಬೆನ್ನು ಹಿಡಿದುಕೊಂಡು ನಡೆದರೆ ಇನ್ನೂ ಹೆಚ್ಚು ಮರ್ಯಾದೆ. ಇಲ್ಲಿ ಊಟ ಬಿಟ್ಟವನನ್ನು, ಪೂರೈಸಲಾಗದಷ್ಟು ಕೆಲಸ ಹಚ್ಚಿಕೊಂಡಿದ್ದಾನಲ್ಲ ಎಂದು ಕನಿಕರದಿಂದ ನೋಡುತ್ತಾರೆ. ನಾಲ್ಕು ಗಂಟೆಗೆ ಕಾರ್ಖಾನೆ ಖಾಲಿ. ಎಲ್ಲಿ ಎಂದು ನೋಡಿದರೆ ಅರ್ಧ ಊರು ಸರೋವರದಲ್ಲಿ ಈಜುತ್ತಿರುತ್ತಿತ್ತು.

ಇನ್ನೊಂದು ನೋಡಿದೆ. ನೆಲದ ಮೇಲೆ ದಪ್ಪ ಹಳದಿ ಗೆರೆ. ಕ್ರೇನು ಹೊರಟರೆ ಗಂಟೆ ಬಾರಿಸುತ್ತದೆ. ಭಾರ ದಾಟಿ ಹೋಗುವವರೆಗೆ ಗೆರೆಯೊಳಗೆ ಯಾರೂ ಕಾಲಿಡುವುದಿಲ್ಲ. ಪೆಕ್ಕ ಕೂಡ ಕಾಫಿ ಬಟ್ಟಲು ಹಿಡಿದು ಗೆರೆಯಾಚೆ ಕಾಯುತ್ತಾನೆ. ಸೀನ ಪೀಣ್ಯದ ರೂಢಿಯಂತೆ ಒಮ್ಮೆ ಅಡ್ಡ ಹಾಯಲು ಹೋದ. ಕ್ರೇನು ನಡೆಸುವವನು ಭಾರವನ್ನು ಗಾಳಿಯಲ್ಲೇ ನಿಲ್ಲಿಸಿ, ಇವನು ಹಿಂದೆ ಸರಿಯುವವರೆಗೂ ಇವನನ್ನೇ ನೋಡುತ್ತ ನಿಂತನಂತೆ.

‘ಬೈದಿದ್ರೆ ಚೆನ್ನಾಗಿತ್ತು ಮೇಡಂ,’ ಎಂದ ಸೀನ. ‘ಸುಮ್ನೆ ನೋಡ್ದ. ನಮ್ಮಪ್ಪ ಕೂಡ ಹಂಗೆ ನೋಡಿಲ್ಲ.’

ಬಿಸಿ ಕಲ್ಲು, ತಣ್ಣೀರು

ಮೊದಲ ಶನಿವಾರ ಲೀಸಾ ನನ್ನನ್ನು ಸೌನಾಕ್ಕೆ ಕರೆದಳು. ಸರೋವರದ ದಂಡೆಯಲ್ಲಿ ಒಂದು ಮರದ ಗುಡಿಸಲು. ಒಳಗೆ ಒಲೆ, ಒಲೆಯ ಮೇಲೆ ಕಾದ ಕಲ್ಲು, ಕಲ್ಲಿಗೆ ನೀರು ಎರಚಿದರೆ ಆವಿ. ಹುಟ್ಟುಡುಗೆಯಲ್ಲಿ ಕೂರುವುದು ಅಲ್ಲಿನ ಪದ್ಧತಿ. ನಾನು ನಮ್ಮ ಕಡೆ ಹೊಳೆಯಲ್ಲಿ ಮೀಯುವ ಹೆಂಗಸರ ಹಾಗೆ ಲಂಗವನ್ನು ಎದೆಮಟ್ಟಕ್ಕೆ ಕಟ್ಟಿಕೊಂಡು ಒಳಗೆ ಹೋದೆ. ಲೀಸಾ ನನ್ನನ್ನು ನೋಡಿ ನಕ್ಕಳು, ನಾನು ಅವಳನ್ನು ನೋಡದೆ ನಕ್ಕೆ.

ಸ್ವಲ್ಪ ಹೊತ್ತು ಹಿತವಾಗಿತ್ತು. ಆಮೇಲೆ ಎದೆಗೆ ಕೆಂಡ ತಾಗಿದ ಹಾಗಾಗಿ ಚೀರಿಕೊಂಡು ಹೊರಗೆ ಓಡಿದೆ. ಬೆಳ್ಳಿ ಕರಡಿಗೆ ಕಾದು ಸುಡುತ್ತಿತ್ತು! ಚರ್ಮದ ಮೇಲೆ ಮೊಟ್ಟೆಯಾಕಾರದ ಕೆಂಪು ಗುರುತು ಬಿದ್ದಿತ್ತು.

‘ಆಭರಣ ತೆಗೆಯಬೇಕು,’ ಎಂದಳು ಲೀಸಾ.

ಇದು ಆಭರಣವಲ್ಲ, ಮೈಯಿಂದ ಬೇರೆ ಮಾಡುವಂಥದ್ದಲ್ಲ ಎಂದೆ. ಅವಳು ಹೆಚ್ಚು ಕೇಳಲಿಲ್ಲ. ಒಳಗೆ ಹೋಗಿ ಒಂದು ಬಿಳಿ ಕರವಸ್ತ್ರವನ್ನು ತಣ್ಣೀರಲ್ಲಿ ಅದ್ದಿ ತಂದಳು. ನನಗೆ ನಮ್ಮಜ್ಜಿ ನೆನಪಾದಳು. ಅವಳದ್ದು ಬೆಳ್ಳಿಯಲ್ಲ, ಬರೀ ವಸ್ತ್ರದ ಗಂಟು. ಕರಡಿಗೆ ಬಿಚ್ಚಿ ಲಿಂಗವನ್ನು ಒದ್ದೆ ಬಟ್ಟೆಗೆ ಕಟ್ಟಲು ಹೋದೆ. ಕೈ ನಡುಗಿ ಗಂಟು ಬೀಳಲೊಲ್ಲದು. ಲೀಸಾ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಗಂಟು ಬಿದ್ದ ಮೇಲೆ ಕೇಳಿದಳು: ‘ಕೈಗೆ ಏನಾಗಿದೆ?’

ಮತ್ತೆ ಒಳಗೆ ಕೂತು ಎಲ್ಲ ಹೇಳಿದೆ. ಟಪ್ ಎಂದ ಸದ್ದು, ಹರಿದು ಬಂದ ಟೀ, ಕಂಬ, ಮುನೇಶ್ವರ, ಹಾರ. ಇದನ್ನು ಕೇಳಿದವರೆಲ್ಲ ಅದುವರೆಗೆ ಒಂದೇ ಪ್ರಶ್ನೆ ಕೇಳಿದ್ದರು, ಯಾರಿಗಾದರೂ ಪೆಟ್ಟಾಯಿತೇ ಎಂದು. ಇಲ್ಲ ಎಂದೊಡನೆ ಮಾತು ಮುಗಿಯುತ್ತಿತ್ತು. ಗಂಡನೂ, ಡಾಕ್ಟರೂ, ಊರಿನಿಂದ ಬಂದ ಅಕ್ಕನೂ ಅಷ್ಟೇ. ಲೀಸಾ ಅದನ್ನು ಕೇಳಲೇ ಇಲ್ಲ.

‘ಈಗ ಅವರು ಟೀ ಎಲ್ಲಿ ಕುಡಿಯುತ್ತಾರೆ?’

‘ಅಲ್ಲೇ.’

‘ಅದೇ ಕಂಬದ ಕೆಳಗೆ?’

‘ಹೌದು. ಈಗ ಮೊದಲಿಗಿಂತ ಹೆಚ್ಚು ಜನ.’

ಅವಳು ಕಲ್ಲಿಗೆ ನೀರು ಎರಚಿದಳು. ಆವಿ ಬುಸ್ಸೆಂದು ಎದ್ದಿತು. ‘ಹಾಗಾದರೆ ನಿನ್ನ ಕೈ ಸರಿಯಾಗಿಯೇ ಇದೆ,’ ಎಂದಳು. ‘ಅಪಾಯ ಇನ್ನೂ ಮುಗಿದಿಲ್ಲ ಅಂತ ಕೈ ಹೇಳುತ್ತಿದೆ. ಮುಗಿದಿಲ್ಲವಲ್ಲ.’

ನಾನು ಅಳಲು ಶುರುಮಾಡಿದೆ. ಬೆವರೋ ಕಣ್ಣೀರೋ ಆ ಕತ್ತಲಲ್ಲಿ ಯಾರಿಗೆ ತಿಳಿಯಬೇಕು? ಇಷ್ಟು ದಿನ ನನ್ನ ತಲೆ ಕೆಟ್ಟಿದೆ ಎಂದೇ ನಾನೂ ನಂಬಿದ್ದೆ. ತೂಗಾಡುವ ಉಕ್ಕಿನ ಕೆಳಗೆ ನನ್ನವರು ದಿನಾ ನಿಂತಿರುವಾಗ ನಿದ್ದೆ ಬಾರದಿರುವುದು ಕಾಯಿಲೆಯಲ್ಲ ಎಂದು ಹೇಳಲು ನಾಲ್ಕು ಸಾವಿರ ಮೈಲಿ ದೂರದ, ನನ್ನ ಹೆಸರನ್ನು ಸರಿಯಾಗಿ ಅನ್ನಲೂ ಬಾರದ ಹೆಂಗಸು ಬೇಕಾಯಿತು.

ಆಮೇಲೆ ಅವಳು ನನ್ನ ಕೈಹಿಡಿದು ಹೊರಗೆ ಓಡಿದಳು. ಓಡಿದ್ದು ಸೀದಾ ಸರೋವರಕ್ಕೆ. ‘ಅಯ್ಯಯ್ಯೋ ಯವ್ವಾ!’ ಎಂದು ನಾನು ಹಾಕಿದ ಕೂಗು ಆಚೆ ದಂಡೆಗೆ ಬಡಿದು ವಾಪಸು ಬಂತು. ಅಷ್ಟು ತಣ್ಣಗಿನ ನೀರು ದಾವಣಗೆರೆಯವರ ಮೈ ಕಂಡಿರಲಾರದು. ಲೀಸಾ ನನ್ನ ಬೆನ್ನಡಿ ಅಂಗೈ ಇಟ್ಟು ನೀರಿನ ಮೇಲೆ ಮಲಗಿಸಿದಳು. ಉಸಿರು ತುಂಬಿದರೆ ಮೈ ತೇಲುತ್ತದೆ, ಬಿಟ್ಟರೆ ತುಸು ಇಳಿಯುತ್ತದೆ. ಮತ್ತೆ ತುಂಬಿದರೆ ತೇಲುತ್ತದೆ. ತಲೆಯ ಮೇಲೆ ಆಕಾಶ ಬಿಟ್ಟು ಏನೂ ಇರಲಿಲ್ಲ. ಅಂದಿನಿಂದ ದಿನಾ ಕೆಲಸ ಬಿಟ್ಟೊಡನೆ ನೀರಿಗಿಳಿದೆ. ಕಾರ್ಖಾನೆಗೆ ಕಾಡಿನ ದಾರಿಯಲ್ಲಿ ನಡೆದು ಹೋದೆ. ಊಟದ ಹೊತ್ತಿಗೆ ಊಟ ಮಾಡಿದೆ. ರೈ ಎಂಬ ಧಾನ್ಯದ ಅಲ್ಲಿಯ ಕಪ್ಪು ರೊಟ್ಟಿಗೆ ನಮ್ಮ ಚಟ್ನಿಪುಡಿ ಹಚ್ಚಿಕೊಂಡರೆ ಜೋಳದ ಕಟಕು ರೊಟ್ಟಿಯ ನೆಂಟ ಎನ್ನಿಸುತ್ತದೆ. ಸೊರಗಿದ್ದ ಮುಖ ಕನ್ನಡಿಯಲ್ಲಿ ನನ್ನದೇ ಎಂದು ಗುರುತು ಸಿಗುವಂತಾಯಿತು. ನಿದ್ದೆ ಮಾತ್ರ ಬಂದು ಬಂದು ಒಡೆಯುತ್ತಿತ್ತು.

ಒಂದು, ಎರಡು, ಮೂರು, ನಾಲ್ಕು

ನಾವು ಹೊರಡುವ ವಾರ ಲೀಸಾಳ ಗಂಟಲು ಕಟ್ಟಿತು. ಸೈರನ್ ಹೊಡೆಯಿತು, ಜನ ಸೇರಿದರು, ಮುಂದೆ ನಿಂತು ಮಾಡಿಸುವವರಿಲ್ಲ. ಪೆಕ್ಕ ನನ್ನ ಕಡೆ ತಿರುಗಿದ. ‘ನೀವು ಭಾರತದವರು. ಯೋಗ ಮಾಡಿಸಿ.’

ನನಗೆ ಯಾವ ಯೋಗವೂ ಬಾರದು. ಬರುವುದಿಲ್ಲ ಎಂದರೆ ಅವರು ನಂಬುವ ಹಾಗಿಲ್ಲ. ಸೀನ ಹಿಂದಿನಿಂದ ಪಿಸುಗುಟ್ಟಿದ: ‘ಮೇಡಂ, ದೇಶದ ಮಾನದ ಪ್ರಶ್ನೆ. ಏನಾದ್ರೂ ಮಾಡ್ಸಿ.’

ನನಗೆ ಗೊತ್ತಿದ್ದದ್ದು ಹೈಸ್ಕೂಲಿನ ಡ್ರಿಲ್ಲು. ಮುಂದೆ ಹೋಗಿ ನಿಂತೆ. ಇಂಗ್ಲಿಷಿನಲ್ಲಿ ಎಣಿಸಲು ಬಾಯಿ ತೆರೆದರೆ ಬಂದದ್ದು ನಮ್ಮ ಪೀಟಿ ಮೇಷ್ಟರ ಗಂಟಲು: ‘ಒಂದು! ಎರಡು! ಮೂರು! ನಾಲ್ಕು!’ ಎರಡನೇ ಸುತ್ತಿಗೆ ಅವರೂ ಹೇಳತೊಡಗಿದರು. ಮೂರಾಳೆತ್ತರದ ಸೂರಿನಡಿ ಕೆಂಪು ಮೀಸೆಗಳು, ಬಿಳಿ ಗಡ್ಡಗಳು ‘ಓಂತು, ಎರಾಟು’ ಎಂದು ಗುಡುಗಿದವು. ನಾನು ಉಸಿರನ್ನು ಸೇರಿಸಿದೆ: ಕೈ ಮೇಲೆ ಹೋದಾಗ ತುಂಬಿ, ಇಳಿದಾಗ ಬಿಡಿ, ನೀರಿನ ಮೇಲೆ ಮಲಗಿದ ಹಾಗೆ. ಸೀನ ನಗು ತಡೆಯಲಾರದೆ ಒಂದು ಯಂತ್ರದ ಹಿಂದೆ ಕೂತುಬಿಟ್ಟಿದ್ದ. ಮುಗಿದಾಗ ಚಪ್ಪಾಳೆ ಬಿತ್ತು. ಮಾತೇ ಆಡದ ಆ ಜನ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಧ್ಯಾಹ್ನ ಲೀಸಾ ಗಂಟಲಿಗೆ ಶಾಲು ಸುತ್ತಿಕೊಂಡು ಬಂದಳು, ಜನ ಅವಳನ್ನು ಕೂರಿಸಿ ನನ್ನನ್ನೇ ಮುಂದಕ್ಕೆ ತಳ್ಳಿದರು.

ಕಾಫಿಗೆ ಹೋಗುವಾಗ ಕೈ ನೋಡಿಕೊಂಡೆ. ಬಟ್ಟಲಲ್ಲಿ ಕಾಫಿ ಅಲುಗುತ್ತಿರಲಿಲ್ಲ. ಆದರೆ ಇದು ಗೆರೆಯೆಳೆದ ಊರು. ನಮ್ಮ ಕಂಬದ ಕೆಳಗೆ ಈ ಕೈ ಹೀಗೇ ನಿಲ್ಲುತ್ತದೆಯೇ?

ಪೀಣ್ಯ, ಮತ್ತೆ

ನಿಲ್ಲಲಿಲ್ಲ. ಹಡಗಿನಲ್ಲಿ ಬಂದ ಯಂತ್ರ ಟ್ರೇಲರ್ ಮೇಲೆ ಕಾರ್ಖಾನೆಯ ಗೇಟಿಗೆ ಬಂದ ದಿನ ಹಾರಗಳಿಂದ ತುಂಬಿದ ಕಂಬವನ್ನೂ, ಅದರ ಕೆಳಗೆ ಟೀ ಕುಡಿಯುತ್ತಿದ್ದ ಇಡೀ ಪಾಳಿಯನ್ನೂ, ಮೇಲೆ ಕೊಕ್ಕೆ ತೂಗಾಡಿಸುತ್ತ ಹೊರಟ ಕ್ರೇನನ್ನೂ ನೋಡಿದೆ. ಅಂಗೈ ಮತ್ತೆ ನಡುಗಿತು. ಈ ಸಲ ಅದನ್ನು ಮುಚ್ಚಿಡಲಿಲ್ಲ.

‘ಸಾರ್, ಕೆಳಗೆ ಜನ ಇರೋವಾಗ ಭಾರ ಎತ್ತಬಾರದು. ಕಂಬದ ಹತ್ರ ಟೀ ನಿಲ್ಲಬೇಕು,’ ಎಂದೆ.

ಮ್ಯಾನೇಜರು ಗಡಿಯಾರ ನೋಡಿದರು. ‘ಫಾರಿನ್‌ಗೆ ಹೋಗಿಬಂದ್ರೆ ಎಲ್ರಿಗೂ ಹಿಂಗೇ. ಟ್ರೇಲರು ಕಾಯ್ತಾ ಇದೆ ಗಿರಿಜಾ.’

‘ಕಾಯಲಿ ಸಾರ್. ಯಂತ್ರ ಇಳಿಸಿಕೊಳ್ಳೋ ಜವಾಬ್ದಾರಿ ನನಗೆ ಕೊಟ್ಟಿದೀರಿ. ನಾನು ಇಳಿಸಿಕೊಳ್ಳೋದಿಲ್ಲ. ಬೇಕಾದ್ರೆ ಇವತ್ತೇ ಡಿಸ್‌ಪ್ಯಾಚಿಗೆ ಹಾಕಿ.’

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಸೀನ ಬಂದು ನನ್ನ ಪಕ್ಕ ನಿಂತ. ‘ನಾನೂ ಅಷ್ಟೇ ಸಾರ್. ಕರೆಂಟ್ ಕೊಡಲ್ಲ.’

‘ಏನ್ ಮಾಡ್ತೀರೋ ಬೇಗ ಮಾಡಿ,’ ಎಂದರು ಮ್ಯಾನೇಜರು. ಆದರೆ ಕಷ್ಟ ಇದ್ದದ್ದು ಅವರ ಹತ್ತಿರವಲ್ಲ. ಟೀ ಕಂಬ ಬಿಡಬೇಕಾದರೆ ಮುನೇಶ್ವರ ಕಂಬ ಬಿಡಬೇಕು. ಅವನು ಅಲ್ಲಿದ್ದಷ್ಟು ದಿನ ಜನ ಅಲ್ಲೇ. ಪಟಕ್ಕೆ ದಿನಾ ಹೂ ಹಾಕುತ್ತಿದ್ದವನು ಮುನಿರಾಜು.

‘ಅಯ್ಯಯ್ಯೋ, ದೇವ್ರನ್ನ ಎಬ್ಬಿಸೋದಾ ಮೇಡಂ? ನಮ್ಮನ್ನೆಲ್ಲ ಕಾಪಾಡವ್ನೆ! ಅವತ್ತು ಅವ್ನಿಲ್ದೆ ಇದ್ರೆ ನಾವೆಲ್ಲಿರ್ತಿದ್ವಿ?’

‘ಸರಿ, ಕಾಪಾಡಿದ. ಈಗ ಅವನ ತಲೆ ಮೇಲೂ ಅದೇ ಕ್ರೇನು ಓಡಾಡ್ತಿದೆಯಲ್ಲ ಮುನಿರಾಜು. ನಾಳೆ ಅವನ ಮೇಲೇ ಬಿದ್ರೆ? ಅವನನ್ನ ಕಾಪಾಡೋರು ಯಾರು?’

ಮುನಿರಾಜು ತಲೆಯೆತ್ತಿ ಕ್ರೇನು ನೋಡಿದ. ಆಮೇಲೆ ಪಟ ನೋಡಿದ. ಮತ್ತೆ ಕ್ರೇನು ನೋಡಿದ. ಅವನು ಹಾಗೆ ಮೇಲೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

‘ಅದು ನಿಜವೇಯಾ,’ ಎಂದ ಮೆಲ್ಲಗೆ. ‘ಇಂಗೆ ಯಾವತ್ತೂ ಯೋಚ್ನೆ ಮಾಡ್ಲಿಲ್ಲ ಕಣ್ರೀ. ಆದ್ರೆ ನಾವಾಗೇ ತೆಗೆಯಂಗಿಲ್ಲ. ಕೇಳ್ಬೇಕು.’

ಕೇಳುವುದು ಎಂದರೆ ಹೂ ಕೇಳುವುದು. ಪಟದ ಎರಡು ಮಗ್ಗುಲಿಗೂ ನೀರಲ್ಲಿ ಅದ್ದಿದ ಹೂ ಅಂಟಿಸಿ ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ದೇವರ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಮುನಿರಾಜು ಸ್ನಾನ ಮಾಡಿಬಂದ. ಎರಡು ಸೇವಂತಿಗೆ ಅಂಟಿಸಿ ಕೈಮುಗಿದ. ಯಂತ್ರಗಳನ್ನು ನಿಲ್ಲಿಸಿದರು. ಪೀಣ್ಯಕ್ಕೆ ಬಂದ ಮೇಲೆ ನಾನು ಅಂಥ ಮೌನ ಕೇಳಿರಲಿಲ್ಲ. ಮ್ಯಾನೇಜರೂ ಚಪ್ಪಲಿ ಕಳಚಿ ನಿಂತಿದ್ದರು. ಕಡಲಾಚೆಯಿಂದ ಕಲಿತು ತಂದದ್ದೆಲ್ಲ ಎರಡು ಸೇವಂತಿಗೆಗಳ ಮೇಲೆ ನಿಂತಿತ್ತು.

ಎಡಗಡೆಯದು ಜಾರಿತು. ಒಂದು ಬೆರಳಿನಷ್ಟು ಜಾರಿ, ಚೌಕಟ್ಟಿಗೆ ಸಿಕ್ಕಿ ನಿಂತಿತು.

ಹೊರಗೆ ಟ್ರೇಲರಿನವನು ಕಾದು ಬೇಸತ್ತು ಗಾಡಿ ಸ್ಟಾರ್ಟ್ ಮಾಡಿದ. ನೆಲ ಗುಡುಗುಟ್ಟಿತು. ಬಲಗಡೆಯ ಹೂವು ಪಟ್ಟನೆ ಉದುರಿ ಮುನಿರಾಜುವಿನ ಅಂಗೈಗೇ ಬಿತ್ತು.

‘ಬಲಗಡೆ! ಬಲಗಡೆ ಕೊಟ್ಟವ್ನೆ!’ ಎಂದು ಮುನಿರಾಜು ಕೂಗಿದ.

‘ಟ್ರೇಲರ್ ಅಲ್ಲಾಡ್ಸಿದ್ದು ಕಣೋ,’ ಎಂದ ಒಬ್ಬ.

‘ಟ್ರೇಲರ್‌ನ ಈಗ್ಲೇ ಸ್ಟಾರ್ಟ್ ಮಾಡು ಅಂತ ಅವ್ನಿಗೆ ಬುದ್ಧಿ ಕೊಟ್ಟಿದ್ ಯಾರ್ಲಾ?’ ಎಂದ ಮುನಿರಾಜು. ಯಾರು ಅಲ್ಲಾಡಿಸಿದರೇನು, ನನಗೆ ಬಲಗಡೆಯ ಹೂ ಸಾಕಾಗಿತ್ತು.

ಪಟ ಮೆರವಣಿಗೆಯಲ್ಲಿ ಹೊರಗಿನ ಬೇವಿನ ಮರದ ಬುಡಕ್ಕೆ ಹೋಯಿತು. ಹಿಂದೆಯೇ ಟೀ ಕ್ಯಾನು ಹೋಯಿತು. ಅದರ ಹಿಂದೆ ಎಲ್ಲರೂ ಹೋದರು. ಸೀನ ಕ್ರೇನಿಗೆ ಗಂಟೆ ಜೋಡಿಸಿದ. ಸ್ಟೋರಿನಲ್ಲಿ ಮಿಕ್ಕಿದ್ದ ಹಳದಿ ಬಣ್ಣದಲ್ಲಿ ನಾವಿಬ್ಬರೂ ಕೂತು ಗೆರೆ ಎಳೆದೆವು. ಬಣ್ಣ ಒಣಗುವ ಹೊತ್ತಿಗೆ ಮರದ ಕೆಳಗೆ ಪಾಳಿಯನ್ನು ಸಾಲಾಗಿ ನಿಲ್ಲಿಸಿ ಒಂದು, ಎರಡು, ಮೂರು, ನಾಲ್ಕು ಮಾಡಿಸಿದೆ. ಪ್ಯಾಂಟಿನ ಹೊಲಿಗೆ ಬಿಚ್ಚಿತು ಎಂದು ಒಬ್ಬ ಕೂಗಿದ. ‘ಬಗ್ಗೋದು ಮರ್ತೇ ಓಗಿತ್ತು ಮೇಡಂ,’ ಎಂದು ಮುನಿರಾಜು ಸೊಂಟ ಹಿಡಿದುಕೊಂಡು ನಕ್ಕ. ಯಾರೂ ಸಾಲು ಬಿಟ್ಟು ಹೋಗಲಿಲ್ಲ.

ಆಮೇಲೆ ಗಂಟೆ ಬಾರಿಸುತ್ತ ಕ್ರೇನು ಹೊರಟಿತು. ಗೆರೆಯಾಚೆ ಎಲ್ಲರೂ. ಮನೆಯಷ್ಟು ದೊಡ್ಡ ಪೆಟ್ಟಿಗೆ ಖಾಲಿ ಶಾಪಿನ ಮೇಲೆ ತೇಲಿಬಂದು, ಕಂಬವನ್ನು ದಾಟಿ, ಸದ್ದಿಲ್ಲದೆ ನೆಲ ಮುಟ್ಟಿತು. ಮ್ಯಾನೇಜರು ಬಂದು ಬೆವರು ಒರೆಸಿಕೊಂಡರು. ‘ಆ ವ್ಯಾಯಾಮ ದಿನಾ ಮಾಡಿಸ್ತೀರಾ?’ ಎಂದು ಕೇಳಿದರು. ಡಿಸ್‌ಪ್ಯಾಚ್ ಟೇಬಲ್ಲಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಂದು ಪೀಣ್ಯದ ಎಷ್ಟೋ ಶೆಡ್ಡುಗಳಲ್ಲಿ ಪಾಳಿಗೆ ಮೊದಲು ಕತ್ತು, ಭುಜ, ಉಸಿರು ಹೇಳಿಕೊಡುವುದೇ ನನ್ನ ಕೆಲಸವಾಗಿದೆ. ಹೋದ ಕಡೆ ಮೊದಲು ಕೇಳುವ ಪ್ರಶ್ನೆ ಮಾತ್ರ ಲೀಸಾಳದ್ದು: ನೀವು ಟೀ ಎಲ್ಲಿ ಕುಡಿಯುತ್ತೀರಿ?

ಬಾಗಲಗುಂಟೆ, ಬೆಳಿಗ್ಗೆ

ನಮ್ಮ ವಠಾರಕ್ಕೆ ಕೊಳಾಯಿ ನೀರು ಬರುತ್ತಿದ್ದದ್ದು ಕೋಳಿ ಕೂಗುವ ಹೊತ್ತಿಗೆ, ಅದೂ ವಾರಕ್ಕೆರಡು ಸಲ. ಮೊದಲೆಲ್ಲ ಒಂದೊಂದು ಮನೆಯವರು ಪಾಳಿಯಂತೆ ಎದ್ದು ಕಾಯುತ್ತಿದ್ದರು. ನನ್ನ ನಿದ್ದೆ ಹೋದ ಮೇಲೆ ಅವರಿಗೆಲ್ಲ ಆರಾಮವಾಗಿತ್ತು. ಗಿರಿಜಮ್ಮ ಹೇಗೂ ಎದ್ದಿರ್ತಾರೆ, ಅವರೇ ಬಾಗಿಲು ತಟ್ಟುತ್ತಾರೆ ಎಂದು ಅಲಾರಮ್ಮುಗಳನ್ನೆಲ್ಲ ಎತ್ತಿಟ್ಟಿದ್ದರು.

ಯಂತ್ರ ಇಳಿಸಿದ ಮರುದಿನ ನನ್ನನ್ನು ಎಬ್ಬಿಸಿದ್ದು ಬಾಗಿಲ ಬಡಿತ. ಕಣ್ಣು ಬಿಟ್ಟರೆ ಕಿಟಕಿಯಿಂದ ಬಿಸಿಲು ಬಂದು ಮಂಚದ ಕಾಲಿನವರೆಗೆ ಹರಡಿತ್ತು. ರಸ್ತೆಯಲ್ಲಿ ಲಾರಿಗಳು, ಪಕ್ಕದ ಮನೆಯ ರೇಡಿಯೋ, ತರಕಾರಿಯವನ ಕೂಗು, ಇದೆಲ್ಲ ಎಷ್ಟು ಹೊತ್ತಿನಿಂದ ನಡೆದಿತ್ತೋ. ವೀರೇಶ್ ಕುರ್ಚಿಯಲ್ಲಿ ಕೂತು ನನ್ನನ್ನೇ ನೋ‌ಡುತ್ತಿದ್ದರು. ನನ್ನನ್ನು ಎಬ್ಬಿಸಬಾರದೆಂದು ಕಾಫಿಯನ್ನೂ ಮಾಡಿಕೊಳ್ಳದೆ ಹಾಗೇ ಕೂತಿದ್ದರಂತೆ.

ಬಾಗಿಲು ತೆರೆದೆ. ಮುನಿರಾಜು ನಿಂತಿದ್ದ. ಅವನ ಹಿಂದೆ ಖಾಲಿ ಕೊಡ ಹಿಡಿದ ಇಡೀ ವಠಾರ.

‘ಏನ್ ಗಿರಿಜಮ್ಮ! ನೀರು ಬಂದು ನಿಂತೂ ಓಗೈತೆ. ಯಾಕ್ ಯಾರ್ನೂ ಎಬ್ಬಿಸ್ಲಿಲ್ಲ? ಒಂದ್ ಮನೇಲೂ ತೊಟ್ಟು ನೀರಿಲ್ಲ!’

‘ಮಲಗಿದ್ದೆ ಮುನಿರಾಜು.’

‘ಆಂ?’

‘ಮಲಗಿಬಿಟ್ಟಿದ್ದೆ. ರಾತ್ರಿಯಿಡೀ.’

ಅವನು ನನ್ನ ಮುಖವನ್ನು, ದಿಂಬಿನ ಗೆರೆ ಮೂಡಿದ ಕೆನ್ನೆಯನ್ನು ನೋಡಿದ. ಆಮೇಲೆ ಹಿಂದೆ ತಿರುಗಿ ಬೀದಿಗೆಲ್ಲ ಕೇಳುವಂತೆ ಕೂಗಿದ: ‘ಮಲಗಿದ್ರಂತೆ ಕಣ್ರಲೇ! ಗಿರಿಜಮ್ಮ ಮಲಗ್ಬಿಟ್ಟಿದ್ರಂತೆ!’

ಯಾರೋ ಖಾಲಿ ಕೊಡದ ಮೇಲೆ ಬೆರಳಿಂದ ತಾಳ ಹಾಕಿದರು. ಇನ್ನೊಬ್ಬರು ಸೇರಿಕೊಂಡರು. ಹನಿ ನೀರಿಲ್ಲದ ವಠಾರ ಕೊಡ ಬಡಿಯುತ್ತ ನಗುತ್ತಿತ್ತು. ನಾನು ಒಂದು ದೊಡ್ಡ ಆಕಳಿಕೆ ಬಂದದ್ದನ್ನು ತಡೆಯದೆ, ಎಲ್ಲರ ಎದುರಿಗೇ ಆಕಳಿಸಿದೆ.